ಕಟ್ಟೆ ಬಸಪ್ಪನ ಆರುನೂರ ಹನ್ನೆರಡು ಒಕ್ಕಲು

ನಾಲ್ಕು ತಾಲ್ಲೂಕಿನ ಮದುವೆ ವಯಸ್ಸಿನ ಹುಡುಗ ಹುಡುಗಿಯರನ್ನೆಲ್ಲ ಒಂದು ಬೆಳಿಗ್ಗೆ ಹನ್ನೊಂದು ಗಂಟೆಗೆ ಅಣ್ಣ ತಂಗಿಯರನ್ನಾಗಿ ಮಾಡಿದವಳು ನಾನು. ಬೇಕಂತ ಮಾಡಿದ್ದಲ್ಲ. ಆದರೆ ನನ್ನ ಸರ್ಟಿಫಿಕೇಟಿನಲ್ಲಿ ‘ಡೇಟಾಬೇಸ್ ಅಡ್ಮಿನಿಸ್ಟ್ರೇಷನ್, ಪ್ರಥಮ ದರ್ಜೆ’ ಅಂತ ಇದ್ದದ್ದರಿಂದ, ಗೊತ್ತಿಲ್ಲದೆ ಮಾಡಿದೆ ಅಂತ ಹೇಳಿಕೊಳ್ಳುವ ಹಾಗೂ ಇರಲಿಲ್ಲ.

ಆ ಸರ್ಟಿಫಿಕೇಟು ಸಿಕ್ಕಿದ್ದು ಹುಣಸೂರಿನಲ್ಲಿ, ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳಿಗೆ ತಗಡಿನ ಕೊಳವೆ ಮಾಡಿಕೊಡುವ ಅಂಗಡಿಯ ಮಹಡಿಯ ಮೇಲೆ ನಮ್ಮ ಕಂಪ್ಯೂಟರ್ ಕ್ಲಾಸು. ಕೆಳಗೆ ದಿನವಿಡೀ ತಗಡು ಬಡಿಯುತ್ತಿದ್ದರು, ಮೇಲೆ ಎಂಟು ಜನಕ್ಕೆ ಒಂದು ಕಂಪ್ಯೂಟರು. ಕರೆಂಟು ಬರುತ್ತಿದ್ದುದು ಕ್ಲಾಸು ಮುಗಿದ ಮೇಲೆ. ಹಾಗಾಗಿ ಬಹಳ ದಿನ ನಮ್ಮ ಸಾರೇ ಕಂಪ್ಯೂಟರ್ ಆಗುತ್ತಿದ್ದರು. ಇದು ಉತ್ಪ್ರೇಕ್ಷೆ ಅಲ್ಲ. ಕುರ್ಚಿಯ ಮೇಲೆ ನೆಟ್ಟಗೆ ಕೂತು, ಎರಡೂ ಕೈ ತೊಡೆಯ ಮೇಲಿಟ್ಟು, ಕಣ್ಣು ಮುಚ್ಚಿಕೊಂಡು, “ಹೂಂ, ಈಗ ನಾನು ಕಂಪ್ಯೂಟರು. ಕಮ್ಯಾಂಡ್ ಕೊಡಿ” ಅನ್ನೋರು. ನಾವು ಒಬ್ಬೊಬ್ಬರಾಗಿ ಎದ್ದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಕಮ್ಯಾಂಡನ್ನು ಓದಬೇಕು. ತಪ್ಪಿದ್ದರೆ ಅವರು ಕಣ್ಣು ಮುಚ್ಚಿಕೊಂಡೇ “ಸಿಂಟ್ಯಾಕ್ಸ್ ಎರರ್!” ಅಂತ ಕಿರುಚೋರು. ಸರಿಯಿದ್ದರೆ “ಟಿಣ್” ಅನ್ನೋರು. ಒಮ್ಮೊಮ್ಮೆ ‘ಹ್ಯಾಂಗ್’ ಆಗಿ ಐದು ನಿಮಿಷ ಗೊರಕೆ ಹೊಡೆದದ್ದೂ ಉಂಟು.

ಪಾಠವೇನೋ ಚೆನ್ನಾಗಿಯೇ ಮಾಡಿದರು. ಯಾವ ಸಾಲು ಯಾರದ್ದು ಅಂತ ಗುರುತಿರಬೇಕು, ಸಿಕ್ಕವರೆಲ್ಲ ಕೈ ಹಾಕಬಾರದು, ಇನ್ನೊಂದು ಪ್ರತಿ ಬೇರೆ ಕಡೆ ಇರಬೇಕು. ಈ ಮೂರು ಬಂದರೆ ಡೇಟಾಬೇಸ್ ಬಂದ ಹಾಗೆ ಅನ್ನೋರು. ಒಂದೇ ತೊಂದರೆ ಅಂದರೆ ಅವರು ಒಳ್ಳೆಯ ಮನುಷ್ಯ. ‘ರೀಪ್ಲೇಸ್ ಆಲ್’ ಅಂತ ಒಂದು ಕಮ್ಯಾಂಡ್ ಇತ್ತು. ಅದರ ಬಾಲಕ್ಕೆ ‘ಫಾರ್’ ಅಂತ ಸೇರಿಸಿ ಇಂಥವರದ್ದು ಮಾತ್ರ ಅಂತ ಹೇಳಿದರೆ ಅವರದ್ದು ಮಾತ್ರ ಬದಲಾಗುತ್ತದೆ. ಹೇಳದಿದ್ದರೆ ಊರಿನವರದ್ದೆಲ್ಲ ಬದಲಾಗುತ್ತದೆ. ನಾವು ಯಾರಾದರೂ ಬಾಲ ಬಿಟ್ಟು ಓದಿದರೆ ನಮ್ಮ ಕಂಪ್ಯೂಟರ್ ಸಾರ್ ಒಂದು ಕಣ್ಣು ತೆರೆದು, “ಯಾರದ್ದಮ್ಮಾ?” ಅಂತ ಮೆಲ್ಲಗೆ ಕೇಳೋರು. ನಾವು ಹೆಸರು ಹೇಳುತ್ತಿದ್ದೆವು, ಅವರು “ಟಿಣ್” ಅನ್ನುತ್ತಿದ್ದರು. ಕಂಪ್ಯೂಟರು ಅಂದರೆ ಹೀಗೆ, ಬೇಕಾದದ್ದನ್ನು ಅದೇ ಕೇಳಿಕೊಳ್ಳುತ್ತದೆ ಅಂತ ನಾನು ಆರು ತಿಂಗಳು ನಂಬಿ ಪಾಸಾದೆ.

ಕೆಲಸ ಸಿಕ್ಕಿದ್ದು ಕೆ.ಆರ್. ನಗರದಲ್ಲಿ. ರಿಟೈರಾದ ಹೆಡ್‌ಮಾಸ್ತರರೊಬ್ಬರು ರೈಸ್‌ಮಿಲ್ಲಿನ ಪಕ್ಕದ ಕೋಣೆಯಲ್ಲಿ ವಧೂವರ ಮಾಹಿತಿ ಕೇಂದ್ರ ಇಟ್ಟಿದ್ದರು. ಗಾಳಿ ಬಂದರೆ ಕೀಬೋರ್ಡಿನ ಮೇಲೆ ತೌಡು ಬೀಳುತ್ತಿತ್ತು. ನಾಲ್ಕು ತಾಲ್ಲೂಕಿನಿಂದ ಫಾರಂ ಬರುತ್ತಿದ್ದವು: ಹೆಸರು, ಊರು, ಓದು, ಹೊಲ ಗದ್ದೆ, ಮನೆದೇವರು. ಇದರಲ್ಲಿ ಮನೆದೇವರ ಕಾಲಮ್ಮೇ ಮುಖ್ಯ. ಒಂದೇ ದೇವರ ಒಕ್ಕಲು ಅಂದರೆ ಅಣ್ಣತಮ್ಮಂದಿರ ಮನೆ. ಅಲ್ಲಿ ಹೆಣ್ಣು ಕೊಡುವ ಹಾಗಿಲ್ಲ, ತರುವ ಹಾಗಿಲ್ಲ. ಆದ್ದರಿಂದ ಕಂಪ್ಯೂಟರು ಮೊದಲು ಒಂದೇ ದೇವರಿನವರನ್ನು ಬದಿಗೆ ಸರಿಸಿ, ಆಮೇಲೆ ಓದು ಎತ್ತರ ನೋಡುತ್ತಿತ್ತು. “ಎತ್ತರ ತಪ್ಪಾದರೆ ಎತ್ತರದ ಚಪ್ಪಲಿ ಹಾಕಬಹುದು ಕಣಮ್ಮ, ದೇವರು ತಪ್ಪಾದರೆ ಏನು ಹಾಕೋಣ?” ಅಂತ ಮೇಷ್ಟ್ರು ನನಗೆ ದಿನಕ್ಕೊಂದು ಸಲ ಹೇಳೋರು.

ಮೇಷ್ಟ್ರಿಗೆ ಕಂಪ್ಯೂಟರಿನ ಮೇಲೆ ಅಪಾರ ಭಕ್ತಿ. ಆಯುಧಪೂಜೆಯ ದಿನ ನಾನು ಬರುವ ಮೊದಲೇ ಪೂಜೆ ಮುಗಿಸಿದ್ದರು. ಮಾನಿಟರಿಗೆ ವಿಭೂತಿ, ಪ್ರಿಂಟರಿಗೆ ಕುಂಬಳಕಾಯಿ. ನಮ್ಮ ಡೇಟಾ ಪ್ರತಿ ಮಾಡಿಟ್ಟಿದ್ದ ನಾಲ್ಕು ಫ್ಲಾಪಿಗಳಿಗೂ ಅರಿಶಿನ ಕುಂಕುಮ. ಮೇಲೆ ಹಚ್ಚಿದ್ದರೆ ಒರೆಸಬಹುದಿತ್ತು. ಒಳಗಿನ ತಟ್ಟೆಗೆ ಪೂಜೆ ತಪ್ಪಬಾರದು ಅಂತ ತಗಡಿನ ಮುಚ್ಚಳ ಸರಿಸಿ, ಬೆರಳಿನಲ್ಲಿ ಒಂದೊಂದು ಬೊಟ್ಟು ಇಟ್ಟಿದ್ದರು. ನಾನು ನೋಡಲಿಲ್ಲ. ಪ್ರಸಾದದ ಕಡ್ಲೆಪುರಿ ತಿಂದು ಮನೆಗೆ ಹೋದೆ. ಆ ಕಡ್ಲೆಪುರಿ ಮಿರ್ಲೆಯ ಅಂಗಡಿಯಿಂದ ಬಂದದ್ದು, ಅಂಗಡಿಯವನಿಗೆ ಬದಲಿಗೆ ನಮ್ಮ ಹಳೇ ಫಾರಂಗಳ ಕಟ್ಟು ಹೋಗಿತ್ತು. ಎಲ್ಲ ಕಂಪ್ಯೂಟರಿನ ಒಳಗೆ ಹತ್ತಿಸಿ ಆಯಿತಲ್ಲ, ಇನ್ನು ಕಾಗದ ಯಾಕೆ ಅಂತ ಮೇಷ್ಟ್ರ ಲೆಕ್ಕಾಚಾರ.

ದೀಪಾವಳಿಗೆ ಹೊಸ ಪಟ್ಟಿ ಪ್ರಿಂಟು ಮಾಡಿ ಊರೂರಿಗೆ ಕಳಿಸುವ ಪದ್ಧತಿ. ಪ್ರಿಂಟು ಮಾಡುವ ದಿನ ಬೆಳಿಗ್ಗೆ ಹಂಪಾಪುರದಿಂದ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಬರೆದವನು ನಮ್ಮ ಪಟ್ಟಿಯಲ್ಲಿದ್ದ ಒಬ್ಬ ವರ. ‘ಹಳೇ ಪಟ್ಟಿಯಲ್ಲಿ ನಮ್ಮ ಮನೆದೇವರು ತಪ್ಪಾಗಿ ಬಂದಿದೆ. ನಾವು ಕಟ್ಟೆ ಬಸಪ್ಪನ ಒಕ್ಕಲು. ನಮ್ಮೂರ ಹೊಲದಲ್ಲಿರೋ ಚಿಕ್ಕ ದೇವರು, ನಮ್ಮ ಮನೆ ಒಂದೇ ಒಕ್ಕಲು. ದಯವಿಟ್ಟು ಸರಿಪಡಿಸಿ.’ ಅಕ್ಷರ ದುಂಡಗಿತ್ತು. ನಾನು ರೀಪ್ಲೇಸ್ ಆಲ್ ಅಂತ ಬಡಿದೆ, ದೇವರ ಜಾಗಕ್ಕೆ ಕಟ್ಟೆ ಬಸಪ್ಪ ಅಂತ ಬಡಿದೆ, ಎಂಟರ್ ಒತ್ತಿದೆ. ಯಾರದ್ದಮ್ಮಾ ಅಂತ ಅದು ಕೇಳಲಿ ಅಂತ ಕಾದೆ. ಅದು ಕೇಳಲಿಲ್ಲ. ಆರುನೂರ ಹನ್ನೆರಡು ಅಂತ ಒಂದು ಸಂಖ್ಯೆ ತೋರಿಸಿತು. ಆ ಹುಡುಗನ ಕ್ರಮಸಂಖ್ಯೆ ಇರಬೇಕು, ಅದೇ ಹುಡುಕಿಕೊಂಡಿದೆ ಅಂತ ನನಗೆ ಖುಷಿಯಾಯಿತು.

ಪ್ರಿಂಟಾದ ಪಟ್ಟಿಯನ್ನು ಮೇಷ್ಟ್ರು ಸಾಲು ಬಿಡದೆ ನೋಡಿದರು. ಆದರೆ ಅವರು ಮೇಷ್ಟ್ರು, ನೋಡಿದ್ದು ಕಾಗುಣಿತ. “ಕಟ್ಟೆ ಬಸಪ್ಪ ಅಂತ ಎಲ್ಲ ಕಡೆ ಒಂದೇ ಥರ, ಒಂದು ತಪ್ಪಿಲ್ಲ” ಅಂತ ನನ್ನ ಬೆನ್ನು ತಟ್ಟಿದರು. ಪಟ್ಟಿ ನಾಲ್ಕು ತಾಲ್ಲೂಕಿಗೂ ಹೋಯಿತು.

ನೀವೇ ಹೇಳಿ, ಇಂಥ ಪಟ್ಟಿ ನೋಡಿದ ಯಾರಾದರೂ ಏನು ಮಾಡಬೇಕು? ನಕ್ಕು ಬಿಸಾಕಬೇಕು. ನಮ್ಮ ಜನ ನಂಬಿದರು. ಕಂಪ್ಯೂಟರಿನಲ್ಲಿ ಬಂದಿದೆ ಅನ್ನುವುದು ಒಂದು ಕಾರಣ. ಇನ್ನೊಂದು, ಪ್ರತಿ ಮನೆಯಲ್ಲೂ ಏನಾದರೊಂದು ಕಷ್ಟ ಇದ್ದೇ ಇರುತ್ತದೆ, ಶಾಸ್ತ್ರ ಕೇಳಿದರೆ ಮನೆದೇವರನ್ನು ಮರೆತಿದ್ದೀರಿ ಅಂತಲೇ ಬರುತ್ತದೆ. ಹುಣಸೂರು ಕಡೆಯ ಒಬ್ಬರು ಪಟ್ಟಿ ಹಿಡಿದುಕೊಂಡು ನಮ್ಮ ಕೋಣೆಗೇ ಬಂದು ಕೈ ಮುಗಿದರು. “ಅದ್ಕೇ ಕಣವ್ವ ನಮ್ ಬ್ಯಾರನ್ನು ಎಲ್ಡ್ ಸಲ ಹತ್ಕಂಡಿದ್ದು! ನಮ್ ದೇವ್ರೇ ಬ್ಯಾರೆ ಇತ್ತು, ನಾವ್ ಇನ್ಯಾವನ್ಗೋ ಕಾಯಿ ಒಡೀತಿದ್ವಿ!” ನಾನು ಏನೂ ಅರ್ಥವಾಗದೆ ತಲೆ ಆಡಿಸಿದೆ.

ಮೊಣಕಾಲೆತ್ತರದ ಕಲ್ಲಿನ ಬಸವನನ್ನು ಹಂಪಾಪುರದ ಹೊಲದಲ್ಲಿ ಜನ ಕವಿದುಕೊಂಡರು. ಟ್ರಾಕ್ಟರಿನಲ್ಲಿ ಬಂದರು, ಟೆಂಪೊ ಮಾಡಿಕೊಂಡು ಬಂದರು. ಮರೆತದ್ದಕ್ಕೆ ತಪ್ಪುಕಾಣಿಕೆ ಅಂತ ಬಸವನ ಪಕ್ಕದ ಮರಕ್ಕೆ ಗಂಟೆ ಕಟ್ಟಿದರು. ಗಂಟೆ ಹೆಚ್ಚಾಗಿ ಕಟ್ಟಲು ಕೊಂಬೆ ಸಾಲದೆ ಪಕ್ಕದ ಹೊಲದ ಹಲಸಿನ ಮರಕ್ಕೂ ಕಟ್ಟಿದರು. ವಾರಕ್ಕೊಂದು ಸಲ ಹೂವಿಟ್ಟು ಹೋಗುತ್ತಿದ್ದ ಪೂಜಾರಿ, “ಎಲ್ಲಿದ್ರಪ್ಪ ಇವ್ರೆಲ್ಲ ಇಷ್ಟ್ ದಿನ?” ಅಂತ ಬಸವನನ್ನೇ ಕೇಳುತ್ತಿದ್ದರಂತೆ. ಮಿರ್ಲೆ ಹತ್ತಿರ ಒಬ್ಬ ಅಜ್ಜ ತೀರಿಕೊಂಡಾಗ, ಒಂದೇ ಒಕ್ಕಲಿಗೆ ಸೂತಕ ಅಲ್ಲವೇ ಅಂತ ಒಂಬತ್ತು ಊರಿನವರು ದೇವರ ಮನೆ ಬಾಗಿಲು ಹಾಕಿದರು. ಆ ಅಜ್ಜನ ಮುಖವನ್ನು ಅವರಲ್ಲಿ ಯಾರೂ ಕಂಡಿರಲಿಲ್ಲ.

ಮದುವೆಗಳು ನಿಂತವು. ಮಾಘಕ್ಕೆ ಲಗ್ನ ಗೊತ್ತು ಮಾಡಿದ್ದವರು, ವೀಳ್ಯ ಬದಲಾಯಿಸಿದ್ದವರು, ಎಲ್ಲರೂ ಪಟ್ಟಿ ನೋಡಿ ನಾಲಗೆ ಕಚ್ಚಿಕೊಂಡರು. ನನಗೆ ವಿಷಯ ತಿಳಿದದ್ದು ಆಗ. ಒಬ್ಬ ವರನಿಗೆ ಹೆಣ್ಣು ಹುಡುಕಲು ಕೂತೆ, ಕಂಪ್ಯೂಟರು ಯಾರೂ ಇಲ್ಲ ಅಂದಿತು. ಇನ್ನೊಬ್ಬನಿಗೂ ಯಾರೂ ಇಲ್ಲ, ಮತ್ತೊಬ್ಬನಿಗೂ ಇಲ್ಲ. ಪಟ್ಟಿ ತೆಗೆದು ನೋಡಿದರೆ ಮೇಲಿನಿಂದ ಕೆಳಗಿನವರೆಗೆ ಕಟ್ಟೆ ಬಸಪ್ಪ, ಕಟ್ಟೆ ಬಸಪ್ಪ, ಕಟ್ಟೆ ಬಸಪ್ಪ. ಫ್ಲಾಪಿ ಹಾಕಿದೆ. ಯಂತ್ರ ಕರಕರ ಅಂತ ಕುಂಕುಮ ಕೆರೆಯಿತು. ನಾಲ್ಕೂ ಹೋಗಿದ್ದವು.

ಮೇಷ್ಟ್ರಿಗೆ ಎಲ್ಲ ಹೇಳಿದೆ. ಅವರು ಬಯ್ಯಲಿಲ್ಲ, ಅದೇ ಕಷ್ಟವಾಯಿತು. “ಅಲ್ಲಮ್ಮಾ, ನೀನು ಪಾಸಾಗಿದ್ದು ಹೇಗೆ?” ಅಂತ ಮಾತ್ರ ಕೇಳಿದರು. ಆಮೇಲೆ ತಾವೇ ಕೂತು ಊರೂರಿಗೆ ಕಾರ್ಡು ಬರೆದರು: ಪಟ್ಟಿ ತಪ್ಪು, ನಾವೇ ಮನೆಮನೆಗೆ ಬಂದು ಮತ್ತೆ ಬರೆದುಕೊಳ್ಳುತ್ತೇವೆ, ಅಲ್ಲಿವರೆಗೆ ತಡೆಯಿರಿ. ನಾನು ಮಿರ್ಲೆಗೆ ಓಡಿ ಕಡ್ಲೆಪುರಿ ಅಂಗಡಿಯಲ್ಲಿ ಕೇಳಿದೆ. ಪೊಟ್ಟಣವಾಗದೆ ಉಳಿದಿದ್ದವು ನಾಲ್ಕು ಫಾರಂ. ಎಣ್ಣೆ ಕುಡಿದಿದ್ದರೂ ಅಕ್ಷರ ಓದಬಹುದಿತ್ತು. ಬ್ಯಾಗಿಗೆ ಹಾಕಿಕೊಂಡೆ.

ಆ ವಾರವೇ ಒಬ್ಬ ಹುಡುಗಿ ಒಬ್ಬಳೇ ನಮ್ಮ ಕೋಣೆಗೆ ಬಂದಳು. ಪಿರಿಯಾಪಟ್ಟಣ ಕಡೆಯ ಹಳ್ಳಿ, ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ಮೇಷ್ಟ್ರು ಮನೆಗೆ ಊಟಕ್ಕೆ ಹೋಗಿದ್ದರು. ಅವಳಿಗೆ ಗೊತ್ತು ಮಾಡಿದ್ದ ಗಂಡು ಅದೇ ಹಂಪಾಪುರದವನು, ಪತ್ರ ಬರೆದವನು. ಪಟ್ಟಿ ಬಂದ ಮೇಲೆ ಇಬ್ಬರೂ ಕಟ್ಟೆ ಬಸಪ್ಪನ ಒಕ್ಕಲಾಗಿ ಮದುವೆ ನಿಂತಿತ್ತು. ಬಯ್ಯಲು ಬಂದಿದ್ದಾಳೆ ಅಂದುಕೊಂಡು ನಾನೇ ಮೊದಲು ಕ್ಷಮೆ ಕೇಳಿದೆ. ತಪ್ಪು ನನ್ನದು, ಹದಿನೈದು ದಿನದಲ್ಲಿ ಸರಿ ಮಾಡುತ್ತೇನೆ, ಮಾಘಕ್ಕೆ ಮದುವೆ ಆಗೇ ಆಗುತ್ತದೆ ಅಂದೆ.

“ಸರಿ ಮಾಡ್ಬ್ಯಾಡಿ ಕಣಕ್ಕ” ಅಂದಳು.

ಟಿ.ಸಿ.ಎಚ್. ಓದಿದ್ದಳು. ಸರ್ಕಾರಿ ಶಾಲೆಯ ಟೀಚರ್ ಕೆಲಸಕ್ಕೆ ಅರ್ಜಿ ಹಾಕಿದ್ದಳು, ಆಯ್ಕೆ ಪಟ್ಟಿ ಬರುವುದು ಮಾಘ ಕಳೆದ ಮೇಲೆ. ಗಂಡಿನ ಮನೆಯವರು ನೋಡಲು ಬಂದಾಗಲೇ ಹೇಳಿದ್ದರಂತೆ, ನಮ್ಮನೆ ಸೊಸೆ ಹೊಸಿಲು ದಾಟಿ ದುಡಿಯಬೇಕಾದ್ದಿಲ್ಲ ಅಂತ. “ನಮ್ಮಪ್ಪನ್ಗೆ ಹೇಳಾಕ್ ಆಗಲ್ಲ. ಎದ್ರುಗೆ ನಿಂತ್ರೆ ಬಾಯೇ ಬರಲ್ಲ. ಕೆಲ್ಸದ್ ಪಟ್ಟಿ ಬರೋಗಂಟ ನಿಮ್ ಬಸಪ್ಪನೇ ನನ್ನ ಕಾಯ್ಬೇಕು. ನನ್ದೊಂದ್ ಸಾಲು ಅಂಗೇ ಬುಟ್ಬುಡಿ ಅಕ್ಕ.”

ನನಗೆ ಸಿಟ್ಟು ಬಂತು. ಊರಿಗೆಲ್ಲ ಮಾಡಿದ ತಪ್ಪಿನ ಭಾರವೇ ಹೊರಲಾರದಷ್ಟಿದೆ, ಈಗ ಬೇಕಂತ ಇನ್ನೊಂದು ಮಾಡು ಅನ್ನುತ್ತಾಳಲ್ಲ. ಡೇಟಾ ಅಂದರೆ ನಿಮ್ಮಪ್ಪನ ಮನೆ ಸೊತ್ತಲ್ಲ ಅಂತ ಒರಟಾಗಿಯೇ ಹೇಳಿದೆ. ಅವಳು ಕುಡಿಯಲು ನೀರು ಕೇಳಿದಳು, ಕುಡಿದಳು, ಬಸ್ಸಿಗೆ ಹೊತ್ತಾಯಿತು ಅಂತ ಹೋದಳು. ಅವಳು ಹೋದ ಮೇಲೆ ನನಗೆ ನನ್ನ ಮಾತು ಚುಚ್ಚಿತು.

ಮನೆಮನೆ ತಿರುಗಾಟ ಶುರುವಾಯಿತು. ಅಲ್ಲೊಂದು ಹೊಸ ಗ್ರಹಚಾರ. ಮನೆದೇವರು ಯಾವುದು ಅಂದರೆ ಅರ್ಧ ಜನ ಎದೆ ಮುಟ್ಟಿಕೊಂಡು ಕಟ್ಟೆ ಬಸಪ್ಪ ಅನ್ನುತ್ತಿದ್ದರು. ಮೇಷ್ಟ್ರ ಕಾರ್ಡು ತೋರಿಸಿದರೆ, “ಆಗ್ ನಿಜ ಏಳ್ಬುಟ್ಟು ಈಗ್ ಯಾಕವ್ವ ಸುಳ್ಳ್ ಏಳ್ತೀಯಾ?” ಅಂತ ನನ್ನನ್ನೇ ಗದರಿಸುತ್ತಿದ್ದರು. ನನ್ನ ತಪ್ಪು ಕಂಪ್ಯೂಟರಿನಿಂದ ಹೊರಗೆ ಬಂದು ಜನರ ತಲೆಯೊಳಗೆ ಕೂತಿತ್ತು, ಅಲ್ಲಿಗೆ ಯಾವ ಕಮ್ಯಾಂಡೂ ಮುಟ್ಟುವಂತಿರಲಿಲ್ಲ. ಕೊನೆಗೆ ಮೇಷ್ಟ್ರೇ ದಾರಿ ಹುಡುಕಿದರು. “ದೇವರನ್ನ ಕೇಳಬೇಡ. ಮನೆಯಲ್ಲಿ ಎಲ್ಲರಿಗಿಂತ ಹಳೇ ಅಜ್ಜಿ ಯಾರು ನೋಡು. ಮಕ್ಕಳ ಮೊದಲ ಮುಡಿ ಎಲ್ಲಿ ಕೊಟ್ರಿ ಅಂತ ಕೇಳು. ಮುಡಿ ಕೊಟ್ಟ ಜಾಗವನ್ನ ಯಾವ ತಾಯೀನೂ ಮರೆಯೋಲ್ಲ.” ಸರಿಯಾಗಿತ್ತು. ಅಜ್ಜಿಯರು ಯಾವ ಬೆಟ್ಟ, ಯಾವ ಗುಡಿ, ಮಗು ಎಷ್ಟು ಅತ್ತಿತು, ಯಾವ ಸೀರೆ ಉಟ್ಟಿದ್ದೆ ಅಂತ ಎಲ್ಲ ಹೇಳಿದರು. ಹುಣಸೂರಿನ ಮಹಡಿಯ ಮೇಲೆ ಕಲಿಯದ ಪಾಠವನ್ನು ನಾನು ಹಲ್ಲಿಲ್ಲದ ಬಾಯಿಗಳಿಂದ ಕಲಿತೆ. ಇನ್ನೊಂದು ಪ್ರತಿ ಇದ್ದದ್ದು ಅಲ್ಲಿ.

ಆ ಹುಡುಗಿಯ ಮನೆಗೂ ಹೋಗಬೇಕಾಯಿತು. ಮೇಷ್ಟ್ರಿಗೆ ಮಂಡಿನೋವು, ನಾನೊಬ್ಬಳೇ ಹೋದೆ. ಅಪ್ಪ ಹೊಲದಿಂದ ಬಂದು ಕೈಕಾಲು ತೊಳೆದು ಜಗಲಿಯ ಮೇಲೆ ಕೂತರು. ಹುಡುಗಿ ಕಾಫಿ ತಂದುಕೊಟ್ಟಳು, ನನ್ನ ಮುಖ ನೋಡಲಿಲ್ಲ. ಅಪ್ಪ ಒಳ್ಳೆಯವರೇ. “ನಾವ್ ಎಲ್ಡ್ ದೇವ್ರಿಗೂ ನಡ್ಕತೀವಿ ಕಣವ್ವ. ನಾ ಸಣ್ಣೋನಿದ್ದಾಗ್ಲೇ ನಮ್ಮಪ್ಪ ಓಗ್ಬುಟ್ಟ. ಮನೆದೇವ್ರು ಯಾವ್ದು ಅಂತ ನಮ್ಮವ್ವನ್ನೇ ಕೇಳ್ಬೇಕು. ಒಳ್ಳೇ ಸಂಬಂಧ, ತಪ್ಪೋಗ್ಬಾರ್ದು, ಸರ್ಯಾಗ್ ಬರ್ಕಳಿ” ಅಂದರು.

ಅಜ್ಜಿಯನ್ನು ಕೇಳಿದೆ. ಅವರು ಎಲೆಯಡಿಕೆ ಕುಟ್ಟುತ್ತಿದ್ದ ಕೈ ನಿಲ್ಲಿಸಿ, ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳ ಕಡೆ ನೋಡಿದರು. “ಕಟ್ಟೆ ಬಸಪ್ಪನ್ಗೇ ಕೊಟ್ಟಿದ್ದು” ಅಂದರು. “ಹೊಲದಾಗೆ ಒಂದ್ ಮರ. ಇವ್ನು ಬಲೇ ಅತ್ತ.”

ಅದು ಸುಳ್ಳು. ನನ್ನ ಬ್ಯಾಗಿನಲ್ಲಿದ್ದ ನಾಲ್ಕು ಫಾರಂಗಳಲ್ಲಿ ಮೇಲಿನದೇ ಇವರದ್ದು. ಇದೇ ಅಜ್ಜಿಯನ್ನು ಕೇಳಿ ಬರೆಸಿದ್ದ, ಇದೇ ಅಪ್ಪನ ಸಹಿ ಇದ್ದ ಫಾರಂ. ಅದರಲ್ಲಿ ಬೆಟ್ಟದ ಮೇಲಿನ ಒಬ್ಬ ಅಮ್ಮನ ಹೆಸರಿತ್ತು. ಅಪ್ಪನಿಗೂ ಅನುಮಾನ ಬಂತು. “ಅಲ್ಲ, ಮೊದ್ಲು ಬ್ಯಾರೆ ಏನೋ ಬರ್ಸಿದ್ನಲ್ಲ? ಆ ಫಾರಂ ಐತಾ ನಿಮ್ತಾವ?”

ನಾನು ಬ್ಯಾಗನ್ನು ತೊಡೆಯ ಮೇಲೆ ಒತ್ತಿ ಹಿಡಿದೆ. “ಅದು ಕಡ್ಲೆಪುರಿ ಅಂಗಡಿಗೆ ಹೋಯ್ತು ಅಣ್ಣ” ಅಂದೆ.

ಹೋಗಿದ್ದಂತೂ ನಿಜ. ಅಜ್ಜಿ ಮತ್ತೆ ಕುಟ್ಟಲು ಶುರು ಮಾಡಿದರು. ನಾನು ಕಟ್ಟೆ ಬಸಪ್ಪ ಅಂತ ಬರೆದೆ. ಅಪ್ಪ ಮುಖ ಸಪ್ಪಗೆ ಮಾಡಿಕೊಂಡು, ತಾಯಿಯ ಮಾತಿಗೆ ಎದುರಾಡದೆ ಸಹಿ ಹಾಕಿದರು. ಆ ಸಹಿ ನೋಡಿ ನನಗೆ ನಾಚಿಕೆಯಾಯಿತು. ಹುಡುಗಿ ಬಾಗಿಲಲ್ಲಿ ಇರಲಿಲ್ಲ. ಒಳಗೆ ಪಾತ್ರೆ ಬಿದ್ದ ಸದ್ದು ಕೇಳಿಸಿತು.

ಹೊಸ ಪಟ್ಟಿ ಹೋಯಿತು. ಕಟ್ಟೆ ಬಸಪ್ಪನಿಗೆ ಆರುನೂರ ಹನ್ನೆರಡರಲ್ಲಿ ಎರಡು ಉಳಿದವು. ಉಳಿದವರೆಲ್ಲ ಅವರವರ ದೇವರಿಗೆ ವಾಪಸಾಗಿ, ಮಾಘದಲ್ಲಿ ಮದುವೆ ಮಾಡಿಕೊಂಡರು. ಗಂಟೆಗಳನ್ನು ಮಾತ್ರ ಯಾರೂ ಬಿಚ್ಚಿಕೊಂಡು ಹೋಗಲಿಲ್ಲ. ಆಯ್ಕೆ ಪಟ್ಟಿಯೂ ಬಂತು. ಅದರಲ್ಲಿ ಅವಳ ಹೆಸರಿತ್ತು. ಎಚ್.ಡಿ. ಕೋಟೆ ತಾಲ್ಲೂಕಿನ ಕಾಡಂಚಿನ ಒಂದು ಶಾಲೆ. ಕೆಲಸ ಸಿಕ್ಕಿದ ಮೇಲೆ ಅಪ್ಪನೂ ಸುಮ್ಮನಾದರು ಅಂತ ಕೇಳಿದೆ. ಮೇಷ್ಟ್ರಿಗೆ ನಾನು ಏನೂ ಹೇಳಲಿಲ್ಲ, ಕೊನೆಯವರೆಗೂ ಹೇಳಲಿಲ್ಲ.

ಅದರ ಮುಂದಿನ ಗೌರಿ ಹಬ್ಬ ಕಳೆದು ಒಂದು ವಾರವಾಗಿತ್ತು. ಬಿಳಿ ಶರ್ಟು ಹಾಕಿದ, ಮೂವತ್ತರ ಆಸುಪಾಸಿನ ಒಬ್ಬರು ಚಪ್ಪಲಿ ಬಾಗಿಲಲ್ಲೇ ಬಿಟ್ಟು ಒಳಗೆ ಬಂದರು. ಹಂಪಾಪುರದಿಂದ ಬಂದೆ ಅಂದಾಗ ಎಲ್ಲ ಗೊತ್ತಾಗಿಹೋಗಿದೆ ಅಂದುಕೊಂಡೆ. ಬೇರೆ ಹೆಣ್ಣು ನೋಡಿಕೊಡಿ ಅಂತ ಕೇಳಲು ಬಂದಿದ್ದರು. ನಾನು ಹುಡುಕುವಾಗ ಎದುರಿನ ಕುರ್ಚಿಯ ತುದಿಯಲ್ಲಿ ಕೂತು ತಾವಾಗಿಯೇ ಮಾತಾಡಿದರು.

“ನಂಗೆ ಅಕ್ಕತಂಗೀರು ಇಲ್ಲ ಕಣ್ರೀ. ಗೌರಿ ಹಬ್ಬ ಅಂದ್ರೆ ಸುಮ್ನೆ ಕೂತಿರ್ತಿದ್ದೆ. ಈ ಸಲ ಬಾಗಿನ ತಕಂಡೋಗಿ ಕೊಟ್ಬಂದೆ, ನಮ್ ಒಕ್ಲು ಹುಡ್ಗಿ, ಅಲ್ಲೇ ಕಾಡ್ ಪಕ್ಕ ಸ್ಕೂಲ್ನಾಗೆ ಟೀಚ್ರು. ಅವ್ಳು ಕೆಲ್ಸಕ್ ಸೇರೋ ದಿನಾನೂ ನಾನೇ ಟ್ರಂಕು ಹೊತ್ಕಂಡ್ ಹೋಗಿದ್ದೆ. ಹೊಸ ಜಾಗ, ಹೆಣ್ ಮಗ ಒಬ್ಳೇ ಹೋಗ್ಬಾರ್ದು ನೋಡಿ. ನಮ್ಮಪ್ಪ ಸೊಸೆ ಹೊರ್ಗೋಗ್ಬಾರ್ದು ಅಂತಿದ್ದ. ಈಗ ಅವ್ನೇ ಊರ್ಗೆಲ್ಲ ಹೇಳ್ಕಂಡ್ ತಿರುಗ್ತಾವ್ನೆ, ನಮ್ ಮಗ್ಳು ಟೀಚ್ರು ಅಂತ.”

ನನಗೆ ಪರದೆ ಕಾಣಲಿಲ್ಲ. ಈ ಮನುಷ್ಯನನ್ನು ಮದುವೆಯಾಗಿದ್ದರೂ ಅವಳು ಟೀಚರ್ ಆಗಬಹುದಿತ್ತೇನೋ ಅಂತ ಒಂದು ಕ್ಷಣ ಅನ್ನಿಸಿತು. ಆಗದೆಯೂ ಇರಬಹುದಿತ್ತು. ಅದನ್ನು ನೋಡಿ ತಿಳಿಯುವ ದಾರಿಯನ್ನು ನಾನೇ ಮುಚ್ಚಿದ್ದೆ. ಒಂದು ಸಾಲು ಬಡಿದರೆ ನಿಜ ಅದರ ಜಾಗಕ್ಕೆ ಬರುತ್ತಿತ್ತು, ಇವರ ತಂಗಿ ಹೋಗುತ್ತಿದ್ದಳು. ಕೈ ಕೀಬೋರ್ಡಿನ ಮೇಲೆ ಹಾಗೇ ಇಟ್ಟುಕೊಂಡು ಕೂತೆ.

ಅವರು ಸ್ವಲ್ಪ ಮುಂದಕ್ಕೆ ಬಾಗಿ, ಸಂಕೋಚದಿಂದ ಕೇಳಿದರು. “ಒಂದ್ ಸಲ ಎಷ್ಟೊಂದ್ ಜನ ಬಂದಿದ್ರು ನಮ್ ಬಸಪ್ಪನ್ಗೆ. ಎಲ್ರೂ ಅಣ್ತಮ್ಮಂದ್ರು ಅಂತ ಒಂದ್ ತಿಂಗ್ಳು ಎಷ್ಟ್ ಖುಸಿಯಾಗಿದ್ದೆ ಅಂತೀರಿ. ಆಮೇಕೆ ಎಲ್ರೂ ಒಂಟೋದ್ರು. ಇನ್ಯಾರಾರ ಅವ್ರಾ ನೋಡಿ, ನಮ್ ಒಕ್ಲು?”

ಹುಡುಕುವ ಹಾಗೆ ನಟಿಸಿದೆ. “ಇಲ್ಲ ಅಣ್ಣ” ಅಂದೆ, “ಅವಳೊಬ್ಬಳೇ.”

“ಸಾಕು ಬುಡಿ” ಅಂದರು.